ದೋಲನದರ್ಶಕ ಯಂತ್ರವೂ ಅದರ ಜೀರ್ಣೋದ್ಧಾರವೂ

೧

ಜೀರ್ಣೋದ್ಧಾರವೆಂಬ ಮಾತು ಉಡುಪಿ ಸೀಮೆಯ ಜನರಿಗೆ ಹೊಸದಲ್ಲ. ಕ್ರಿ. ಶ. ೧೪೩೨ರಲ್ಲಿ ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟಮೂರ್ತಿಯು ಸುಮಾರು ಆರು ಶತಮಾನಗಳ ಮಳೆಗಾಲವನ್ನು ಸಹಿಸಿ ಇಂದಿಗೂ ನಿಂತಿರುವುದು. ೧೫೮೬ರಲ್ಲಿ ಕಟ್ಟಲ್ಪಟ್ಟ ಅಲ್ಲಿಯ ಚತುರ್ಮುಖ ಬಸದಿಯನ್ನೂ ಜನರು ಕಾಪಾಡಿಕೊಂಡು ಬಂದಿರುವರು. ತಾಡವಾಲೆಯ ಗ್ರಂಥಗಳಿಗೆ ಎಣ್ಣೆಯನ್ನು ಸವರುವುದೂ, ಮಳೆ ಹಿಡಿಯುವ ಮುನ್ನ ಬೆಲೆಯುಳ್ಳ ಸಾಮಾನುಗಳನ್ನು ಒಲೆಯ ಮೇಲಣ ಅಟ್ಟಕ್ಕೆ ಏರಿಸುವುದೂ ಈ ಕರಾವಳಿಯ ಹಳೆಯ ಮನೆತನಗಳ ವಾಡಿಕೆ. ಹೀಗೆ ಹಿಂದಿನವರು ಮಾಡಿಟ್ಟುದನ್ನು ಮುಂದಿನವರಿಗೆ ಒಪ್ಪಿಸಬೇಕೆಂಬ ಬುದ್ಧಿಯು ಈ ನೆಲದಲ್ಲಿ ಬೇರೂರಿರುವುದೆಂದು ಹೇಳಬಹುದು.

ಆದರೆ ಹಳೆಯದೆಂಬ ಹೆಸರು ಶಿಲೆ, ಲೋಹ, ಓಲೆಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಯು ಬಹುಜನರಲ್ಲಿರುವುದು. ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಮಾಡಲ್ಪಟ್ಟ ಒಂದು ವಿದ್ಯುದ್ಯಂತ್ರವು ಕೆಟ್ಟುಹೋದರೆ ಅದನ್ನು ಪ್ರಾಚೀನ ವಸ್ತುವೆಂದು ಗೌರವಿಸುವವರು ವಿರಳ. ತೂಕಕ್ಕೆ ಹಾಕಿ ಗುಜರಿಗೆ ಕೊಡುವವರೇ ಹೆಚ್ಚು. ಹೀಗೆ ನಾಶವಾಗುತ್ತಿರುವ ವಸ್ತುಗಳಲ್ಲಿ ದೋಲನದರ್ಶಕವೆಂದು ಕನ್ನಡದಲ್ಲಿ ಕರೆಯಬಹುದಾದ ಆಸಿಲೋಸ್ಕೋಪು ಮುಖ್ಯವಾದುದು. ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ, ರಾಡಾರು, ದೂರದರ್ಶನ, ಗಣಕಯಂತ್ರ, ಹೃದಯದ ಬಡಿತವನ್ನು ತೋರಿಸುವ ವೈದ್ಯೋಪಕರಣ ಇವೆಲ್ಲವೂ ಈ ಯಂತ್ರದ ಕಣ್ಣೆದುರಿನಲ್ಲಿಯೇ ಬೆಳೆದವು. ಅದು ಹೇಗೆ ಹುಟ್ಟಿತು, ಹೇಗೆ ಕೆಡುತ್ತದೆ, ಕೆಟ್ಟರೆ ಅದನ್ನು ಸರಿಪಡಿಸುವ ಕ್ರಮವೇನು ಎಂಬುದನ್ನು ತಿಳಿದರೆ, ಅದನ್ನು ಗುಜರಿಗೆ ಕೊಡುವ ಕೈಯು ಒಂದು ಕ್ಷಣವಾದರೂ ತಡೆದೀತು.

ಈ ಯಂತ್ರದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಕಾಲದೊಡನೆ ಏರಿಳಿಯುವ ವಿದ್ಯುತ್ತಿನ ಚಿತ್ರವನ್ನು ಗಾಜಿನ ತೆರೆಯ ಮೇಲೆ ಬೆಳಕಿನ ಗೆರೆಯಾಗಿ ಬರೆಯುವುದು. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಂದರಲ್ಲಿ ಕಾದ ಲೋಹದಿಂದ ಹೊರಟ ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳು ಸಣ್ಣ ಕಿರಣವಾಗಿ ಮುಂದೆ ಸಾಗಿ, ಹೊಳೆಯುವ ಪುಡಿಯನ್ನು ಬಳಿದ ತೆರೆಗೆ ತಾಗುತ್ತವೆ. ಒಂದು ಜೊತೆ ಲೋಹದ ತಗಡುಗಳು ಆ ಕಿರಣವನ್ನು ಎಡದಿಂದ ಬಲಕ್ಕೆ ಸಮವೇಗದಿಂದ ಎಳೆಯುತ್ತವೆ. ಇನ್ನೊಂದು ಜೊತೆ ತಗಡುಗಳು ಪರೀಕ್ಷಿಸಬೇಕಾದ ವಿದ್ಯುತ್ತಿಗನುಸಾರವಾಗಿ ಅದನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತವೆ. ಬಲತುದಿಯನ್ನು ಮುಟ್ಟಿದೊಡನೆ ಕಿರಣವು ಎಡಕ್ಕೆ ಹಾರಿ ಮತ್ತೆ ಹೊರಡುತ್ತದೆ. ಹೀಗೆ ಹೊರಡುವುದು ಪ್ರತಿಸಲವೂ ಅಲೆಯ ಒಂದೇ ಜಾಗದಿಂದ ಆಗದಿದ್ದರೆ ಗೆರೆಗಳೆಲ್ಲವೂ ಒಂದರ ಮೇಲೊಂದು ಕಲಸಿ ಹೋಗುವುವು. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತನ ತಾಳದ ಎತ್ತುಗಡೆಗೆ ಸರಿಯಾಗಿ ವೇಷಧಾರಿಯ ಹೆಜ್ಜೆಯು ಬೀಳುವಂತೆ, ಇಲ್ಲಿಯೂ ಅಲೆಯ ನಿಯತವಾದ ಒಂದು ಬಿಂದುವಿಗೆ ಸರಿಯಾಗಿ ಕಿರಣದ ಓಟವು ಆರಂಭವಾಗಬೇಕು. ಆಗ ಕ್ಷಣಕ್ಕೆ ಸಾವಿರಾರು ಸಲ ಬರೆದ ಗೆರೆಯೂ ಒಂದೇ ಗೆರೆಯಾಗಿ ಸ್ಥಿರವಾಗಿ ನಿಲ್ಲುತ್ತದೆ.

೨

ಈ ಯಂತ್ರದ ಮೂಲಪುರುಷನು ಕಾರ್ಲ್ ಫರ್ಡಿನಂಡ್ ಬ್ರೌನನೆಂಬ ಜರ್ಮನ್ ವಿಜ್ಞಾನಿ. ಆಗ ಜರ್ಮನಿಯ ಆಳ್ವಿಕೆಗೆ ಒಳಪಟ್ಟಿದ್ದ ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿ ಅಧ್ಯಾಪಕನಾಗಿದ್ದ ಆತನು ೧೮೯೭ರಲ್ಲಿ ತನ್ನ ನಳಿಗೆಯನ್ನು ಲೋಕಕ್ಕೆ ತಿಳಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೆ. ಜೆ. ಥಾಮ್ಸನನು ಕ್ಯಾಥೋಡ್ ಕಿರಣಗಳು ವಿದ್ಯುತ್ಕಣಗಳ ಪ್ರವಾಹವೆಂಬುದನ್ನು ಸ್ಥಾಪಿಸಿದನು. ಹೀಗೆ ಕಿರಣದ ಸ್ವರೂಪವೂ ಅದರ ಉಪಯೋಗವೂ ಒಂದೇ ವರ್ಷದಲ್ಲಿ ಬೆಳಕಿಗೆ ಬಂದುದು ವಿಜ್ಞಾನದ ಚರಿತ್ರೆಯಲ್ಲಿ ಗಮನಿಸತಕ್ಕ ವಿಷಯ. ಬ್ರೌನನ ಮೊದಲ ನಳಿಗೆಯಲ್ಲಿ ಕಿರಣವು ಒಂದೇ ದಿಕ್ಕಿನಲ್ಲಿ ಏರಿಳಿಯುತ್ತಿತ್ತು. ಅದನ್ನು ಕಾಲಕ್ಕೆ ಸರಿಯಾಗಿ ಬಿಡಿಸಿ ನೋಡುವುದಕ್ಕೆ ತಿರುಗುವ ಕನ್ನಡಿ ಬೇಕಾಗುತ್ತಿತ್ತು. ಆತನ ಸಹಾಯಕನಾದ ಯೋನಾಥನ್ ತ್ಸೆನೆಕನು ೧೮೯೯ರಲ್ಲಿ ಕಿರಣವನ್ನೇ ಅಡ್ಡಲಾಗಿ ಓಡಿಸುವ ಉಪಾಯವನ್ನು ಸೇರಿಸಿದನು. ಬ್ರೌನನಿಗೆ ೧೯೦೯ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಬಹುಮಾನವು ದೊರೆತುದು ಈ ನಳಿಗೆಗಾಗಿ ಅಲ್ಲ, ನಿಸ್ತಂತು ವಾರ್ತಾವಹನಕ್ಕಾಗಿ ಮಾಡಿದ ಕೆಲಸಕ್ಕಾಗಿ.

ಮೊದಲ ನಳಿಗೆಗಳಿಗೆ ಸಾವಿರಾರು ವೋಲ್ಟುಗಳ ಒತ್ತಡವು ಬೇಕಾಗಿತ್ತು. ೧೯೨೦ರ ದಶಕದ ಮೊದಲಲ್ಲಿ ಅಮೇರಿಕದ ವೆಸ್ಟರ್ನ್ ಇಲೆಕ್ಟ್ರಿಕ್ ಕಂಪೆನಿಯಲ್ಲಿ ಜೆ. ಬಿ. ಜಾನ್ಸನನು ಬಿಸಿ ತಂತಿಯ ಕ್ಯಾಥೋಡನ್ನು ಉಪಯೋಗಿಸಿ, ಸುಮಾರು ೩೦೦ ವೋಲ್ಟುಗಳಲ್ಲಿ ಕೆಲಸಮಾಡುವ ನಳಿಗೆಯನ್ನು ಸಿದ್ಧಪಡಿಸಿದನು. ೧೯೩೦ರ ದಶಕದಲ್ಲಿ ಅಮೇರಿಕದಲ್ಲಿ ಅಲನ್ ಡುಮಾಂಟನೂ ಇಂಗ್ಲೆಂಡಿನಲ್ಲಿ ಕಾಸರ್ ಕಂಪೆನಿಯವರೂ ಈ ಯಂತ್ರವನ್ನು ಮಾರಾಟದ ಸರಕಾಗಿ ಮಾಡಿದರು. ಅನಂತರ ಬಂದ ಎರಡನೆಯ ಮಹಾಯುದ್ಧವು ರಾಡಾರಿನ ಮೂಲಕ ಈ ನಳಿಗೆಗೆ ಸಾವಿರಾರು ಹೊಸ ಕೆಲಸಗಾರರನ್ನು ಒದಗಿಸಿತು.

ಯುದ್ಧದಲ್ಲಿ ರಾಡಾರಿನ ಕೆಲಸವನ್ನು ಕಲಿತ ಹೊವರ್ಡ್ ವಾಲಮ್ ಎಂಬವನು ಜಾಕ್ ಮರ್ಡಾಕನೇ ಮೊದಲಾದ ಗೆಳೆಯರೊಡನೆ ೧೯೪೬ರಲ್ಲಿ ಅಮೇರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲಂಡಿನಲ್ಲಿ ಟೆಕ್ಟ್ರಾನಿಕ್ಸ್ ಎಂಬ ಕಂಪೆನಿಯನ್ನು ತೆರೆದನು. ಮಾರನೆಯ ವರ್ಷ, ಅಂದರೆ ಭಾರತವು ಸ್ವತಂತ್ರವಾದ ೧೯೪೭ರಲ್ಲಿ, ಅವರ ೫೧೧ನೆಯ ಅಂಕದ ಯಂತ್ರವು ಹೊರಬಿದ್ದಿತು. ಅದಕ್ಕಿಂತ ಹಿಂದಿನ ಯಂತ್ರಗಳಲ್ಲಿ ಕಿರಣದ ಓಟವನ್ನು ಅಲೆಗೆ ಹೊಂದಿಸುವುದು ಗುಬುಟುಗಳನ್ನು ತಿರುಗಿಸುವ ಕೈಚಳಕವಾಗಿತ್ತು. ಈ ಯಂತ್ರದಲ್ಲಿ ಅಲೆಯೇ ಓಟವನ್ನು ಹೊರಡಿಸುತ್ತಿತ್ತು. ಮೇಲಾಗಿ ತೆರೆಯ ಮೇಲಣ ಚೌಕಗಳನ್ನು ಎಣಿಸಿ ಕಾಲವನ್ನೂ ವೋಲ್ಟನ್ನೂ ಅಳೆಯುವುದು ಸಾಧ್ಯವಾಯಿತು. ಹೀಗೆ ಬರಿಯ ನೋಟದ ಯಂತ್ರವು ಅಳತೆಯ ಯಂತ್ರವಾಯಿತು. ಅದರ ಬೆಲೆಯು ೭೯೫ ಡಾಲರು; ಆಗಿನ ವಿನಿಮಯದಂತೆ ಸುಮಾರು ೨,೬೦೦ ರೂಪಾಯಿ. ೧೯೪೯ರ ಸೆಪ್ಟೆಂಬರಿನಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದ ಮೇಲೆ ಅಷ್ಟೇ ಡಾಲರುಗಳಿಗೆ ಸುಮಾರು ೩,೮೦೦ ರೂಪಾಯಿಗಳೂ, ೧೯೬೬ರಲ್ಲಿ ಮತ್ತೊಮ್ಮೆ ಇಳಿಸಿದ ಮೇಲೆ ಸುಮಾರು ೬,೦೦೦ ರೂಪಾಯಿಗಳೂ ತಗಲುವಂತಾಯಿತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಭಾರತದಲ್ಲಿ ದುರಸ್ತಿಯು ಹವ್ಯಾಸವಾಗಿರದೆ ನಿರ್ವಾಹವಿಲ್ಲದ ಕೆಲಸವಾದುದೇಕೆಂಬುದು ತಿಳಿಯುವುದು.

೩

ಕನ್ನಡ ನಾಡಿನಲ್ಲಿ ವಿದ್ಯುದ್ವಿದ್ಯೆಯ ತವರೆಂದರೆ ಬೆಂಗಳೂರು. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೪೬ರಲ್ಲಿ ವಿದ್ಯುತ್ ವಾರ್ತಾವಹನಕ್ಕೆಂದೇ ಪ್ರತ್ಯೇಕ ವಿಭಾಗವು ತೆರೆಯಲ್ಪಟ್ಟಿತು. ೧೯೫೪ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ಅಲ್ಲಿಯೇ ಹುಟ್ಟಿಕೊಂಡಿತು. ಆ ಕಾರ್ಖಾನೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನೂ, ೧೯೬೨ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು ಮೊದಲಾದುವನ್ನೂ, ೧೯೭೦ರಲ್ಲಿ ದೂರದರ್ಶನದ ಚಿತ್ರನಳಿಗೆಯನ್ನೂ ಮಾಡತೊಡಗಿತು. ಬ್ರೌನನ ನಳಿಗೆಯ ಮೊಮ್ಮಗಳೊಬ್ಬಳು ಕನ್ನಡದ ನೆಲದಲ್ಲಿಯೇ ಜನಿಸಿದಳೆಂದು ಹೇಳಬಹುದು.

ಕರಾವಳಿಯ ಕಥೆಯು ಬೇರೆ. ದಕ್ಷಿಣ ಕನ್ನಡವು ೧೯೫೬ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದಿತು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ೧೯೪೯ರಲ್ಲಿ ತೆರೆಯಿತು. ಡಾಕ್ಟರ್ ಟಿ. ಎಂ. ಎ. ಪೈಗಳು ಮಣಿಪಾಲದ ಮುರಕಲ್ಲಿನ ಗುಡ್ಡದ ಮೇಲೆ ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ, ೧೯೫೭ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದರು. ಎರಡನೆಯದಕ್ಕೆ ಈಗ ಮಣಿಪಾಲ ತಾಂತ್ರಿಕ ವಿದ್ಯಾಲಯವೆಂದು ಹೆಸರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ೧೯೮೬ರಲ್ಲಿ ಇನ್ನೊಂದು ತಾಂತ್ರಿಕ ಕಾಲೇಜು ಹುಟ್ಟಿತು. ವಿದ್ಯುತ್ತನ್ನು ಕಲಿಸುವ ಯಾವ ಶಾಲೆಗಾದರೂ ದೋಲನದರ್ಶಕವು ಅತ್ಯಗತ್ಯ. ದಾದಿಯ ಕೈಯಲ್ಲಿ ತಾಪಮಾಪಕವು ಹೇಗೋ ಇಂಜಿನಿಯರನ ಮೇಜಿನ ಮೇಲೆ ಅದು ಹಾಗೆ.

ಮಣಿಪಾಲದ ಕಾಲೇಜು ಆರಂಭವಾದ ಕಾಲವನ್ನು ಲಕ್ಷ್ಯಕ್ಕೆ ತರಬೇಕು. ೧೯೫೭ನೆಯ ವರ್ಷವು ಭಾರತಕ್ಕೆ ವಿದೇಶೀ ಹಣದ ಮುಗ್ಗಟ್ಟಿನ ವರ್ಷ. ಪರದೇಶದ ಸರಕಿಗೆ ಪರವಾನಗಿಯು ಕಷ್ಟದಿಂದ ದೊರೆಯುತ್ತಿದ್ದ ಆ ದಿನಗಳು ಮುಂದೆ ಮೂರು ದಶಕಗಳ ತನಕ ಒಂದಲ್ಲ ಒಂದು ರೀತಿಯಿಂದ ಮುಂದುವರಿದುವು. ಹೊರದೇಶದ ಒಂದು ವಾಲ್ವು ಸುಟ್ಟುಹೋದರೆ ಅದಕ್ಕೆ ಬದಲು ತರಿಸುವುದಕ್ಕೆ ಅರ್ಜಿ, ಪರವಾನಗಿ, ಹಡಗಿನ ಪ್ರಯಾಣ ಇವೆಲ್ಲ ಸೇರಿ ತಿಂಗಳುಗಟ್ಟಲೆ ತಡವಾಗಬಹುದಾಗಿತ್ತು. ಆದುದರಿಂದ ದೇಶದ ಪ್ರಯೋಗಶಾಲೆಗಳಲ್ಲಿ ಯಂತ್ರವನ್ನು ಬಲ್ಲ ಮೇಸ್ತ್ರಿಗೆ ಯಂತ್ರದಷ್ಟೇ ಬೆಲೆಯಿದ್ದಿತು. ಸಿಕ್ಕಿದ ಬಿಡಿಭಾಗಕ್ಕೆ ಸರ್ಕಿಟ್ಟನ್ನು ಹೊಂದಿಸುವುದು, ಒಂದು ಸತ್ತ ಯಂತ್ರದ ಅಂಗಗಳಿಂದ ಇನ್ನೊಂದನ್ನು ಬದುಕಿಸುವುದು, ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ತನ್ನ ಅನುಭವವನ್ನು ಗುರುತಿಸಿಡುವುದು, ಇವು ಆ ಕಾಲದ ಗುಣಗಳು.

೪

ಕರಾವಳಿಯಲ್ಲಿ ಈ ಯಂತ್ರಕ್ಕೆ ಮೂವರು ಶತ್ರುಗಳು: ಉಪ್ಪು, ಒದ್ದೆ, ಸೋಮಾರಿತನ.

ಕಾಪುವಿನ ಕಡಲಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಲ್ಪಟ್ಟ, ಸುಮಾರು ೨೭ ಮೀಟರು ಎತ್ತರವಾದ ದೀಪಸ್ತಂಭವನ್ನು ನೋಡಿದವರಿಗೆ ಉಪ್ಪುಗಾಳಿಯ ಪ್ರತಾಪವನ್ನು ವಿವರಿಸಬೇಕಾಗಿಲ್ಲ. ಗಾಳಿಯೊಡನೆ ಹಾರಿಬಂದ ಉಪ್ಪಿನ ಕಣವು ಲೋಹದ ಮೇಲೆ ಕುಳಿತು, ಗಾಳಿಯ ತೇವವನ್ನು ಎಳೆದುಕೊಂಡು, ತೆಳುವಾದ ಕ್ಷಾರದ ನೀರಾಗುತ್ತದೆ. ಅದು ಕಬ್ಬಿಣವನ್ನು ತುಕ್ಕುಗೂಡಿಸುವುದಲ್ಲದೆ, ಎರಡು ತಂತಿಗಳ ನಡುವೆ ವಿದ್ಯುತ್ತಿಗೆ ಕಳ್ಳದಾರಿಯನ್ನೂ ಮಾಡಿಕೊಡುತ್ತದೆ. ಸಾವಿರಾರು ವೋಲ್ಟುಗಳಿರುವ ಜಾಗದಲ್ಲಿ ಇಂತಹ ದಾರಿಯು ಕಿಡಿಯಾಗಿ ಪರಿಣಮಿಸುತ್ತದೆ.

ಒದ್ದೆಯ ವಿಷಯವಾದರೋ, ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆಯು ಬೀಳುವುದು. ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಇನ್ನೂ ಹೆಚ್ಚು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆ ನಾಲ್ಕು ತಿಂಗಳುಗಳಲ್ಲಿ ಪುಸ್ತಕದ ರಟ್ಟಿಗೂ ಚರ್ಮದ ಚೀಲಕ್ಕೂ ಬರುವ ಬೂಷ್ಟು ಯಂತ್ರದ ಹೊಟ್ಟೆಯಲ್ಲಿಯೂ ಬೆಳೆಯುತ್ತದೆ. ಕಾಗದದ ಕಂಡೆನ್ಸರುಗಳು ತೇವವನ್ನು ಹೀರಿ ವಿದ್ಯುತ್ತನ್ನು ಸೋರಿಸತೊಡಗುತ್ತವೆ. ಸ್ವಿಚ್ಚುಗಳ ಬೆಳ್ಳಿಯ ನಾಲಗೆಗಳು ಕಪ್ಪಾಗುತ್ತವೆ.

ಆದರೆ ಈ ಎರಡಕ್ಕಿಂತಲೂ ಮಿಗಿಲಾದ ಕೇಡು ಉಪಯೋಗಿಸದೆ ಇಡುವುದರಿಂದ ಬರುವುದು. ನಿತ್ಯವೂ ಉರಿಯುವ ಯಂತ್ರವು ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ನೂರಾರು ವಾಟುಗಳ ವಿದ್ಯುತ್ತನ್ನು ನುಂಗುವ ವಾಲ್ವಿನ ದೋಲನದರ್ಶಕವು ಮಳೆಗಾಲದಲ್ಲಿ ಒಲೆಯ ಮೇಲಣ ಅಟ್ಟದಂತೆಯೇ ಬೆಚ್ಚಗಿರುತ್ತದೆ. ಮೂಲೆಗೆ ತಳ್ಳಿದ ಯಂತ್ರಕ್ಕೆ ಆ ರಕ್ಷಣೆಯಿಲ್ಲ. ಮೇಲಾಗಿ ವಿದ್ಯುದ್ವಿಶ್ಲೇಷಕ ಕಂಡೆನ್ಸರುಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಇರುವ ಅತಿ ತೆಳುವಾದ ಆಕ್ಸೈಡಿನ ಪೊರೆಯೇ ತಡೆಗೋಡೆ; ವಿದ್ಯುತ್ತು ಹರಿಯುತ್ತಿರುವವರೆಗೆ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ, ವರ್ಷಗಟ್ಟಲೆ ಸುಮ್ಮನಿದ್ದರೆ ಕ್ಷಯಿಸುತ್ತದೆ. ಇಂತಹ ಯಂತ್ರಕ್ಕೆ ಒಮ್ಮೆಲೆ ೨೩೦ ವೋಲ್ಟಿನ ವಿದ್ಯುತ್ತನ್ನು ಕೊಟ್ಟರೆ ಕಂಡೆನ್ಸರು ಕಾದು ಸಿಡಿಯುವುದು. ಹಳೆಯ ಯಂತ್ರವೊಂದು ಸಿಕ್ಕಿತೆಂಬ ಉತ್ಸಾಹದಿಂದ ಸ್ವಿಚ್ಚನ್ನು ಒತ್ತಿ ಅದನ್ನು ಕೊಂದವರ ಸಂಖ್ಯೆಯು ಸಣ್ಣದಲ್ಲ.

೫

ಹೀಗಿರಲು ದುರಸ್ತಿಯ ಮೊದಲ ನಿಯಮವು ಆತುರಪಡದಿರುವುದು. ಎರಡನೆಯದು ಪ್ರಾಣರಕ್ಷಣೆ. ೧೯೫೦ರ ದಶಕದ ಟೆಕ್ಟ್ರಾನಿಕ್ಸ್ ೫೪೫ನೆಯ ಅಂಕದ ಯಂತ್ರದಲ್ಲಿ ಚಿತ್ರನಳಿಗೆಯ ಎರಡು ತುದಿಗಳ ನಡುವೆ ಹತ್ತು ಸಾವಿರ ವೋಲ್ಟುಗಳಿರುವುವು. ಇತರ ಭಾಗಗಳಲ್ಲಿಯೂ ೫೦೦ ವೋಲ್ಟುಗಳ ತನಕ ಇರುತ್ತದೆ. ತಂತಿಯನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆದುದರಿಂದ ಅನುಭವಸ್ಥರು ಮೊದಲು ಅದನ್ನು ರೆಸಿಸ್ಟರಿನ ಮೂಲಕ ನೆಲಕ್ಕೆ ಹರಿಸುವರು. ಉರಿಯುತ್ತಿರುವ ಯಂತ್ರದೊಳಗೆ ಕೈ ಹಾಕುವಾಗ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವರು. ಒಂದು ಕೈಯಿಂದ ಹೊಕ್ಕ ವಿದ್ಯುತ್ತು ಇನ್ನೊಂದು ಕೈಯಿಂದ ಹೊರಡುವುದಾದರೆ ದಾರಿಯು ಹೃದಯದ ಮೇಲಿನಿಂದಲೇ ಹಾದುಹೋಗುವುದಷ್ಟೆ. ಚಿತ್ರನಳಿಗೆಯೊಳಗೆ ಗಾಳಿಯಿಲ್ಲದಿರುವುದರಿಂದ ಅದು ಒಡೆದರೆ ಗಾಜಿನ ಚೂರುಗಳು ಸಿಡಿಯುವುವೆಂಬುದನ್ನೂ ಮರೆಯಬಾರದು. ಈ ಎರಡು ಎಚ್ಚರಿಕೆಗಳನ್ನು ಅರಿತ ಕುಶಲನ ಬಳಿಯಲ್ಲಿಯೇ ಹೊಸಬನು ಕಲಿಯತಕ್ಕದ್ದು.

ಮೂರನೆಯ ನಿಯಮವು, ಮುಟ್ಟುವ ಮುನ್ನ ನೋಡುವುದು. ನಾಡವೈದ್ಯನು ನಾಡಿಯನ್ನು ಹಿಡಿಯುವ ಮುನ್ನ ರೋಗಿಯ ಮುಖವನ್ನು ನೋಡುವಂತೆ, ಮುಚ್ಚಳವನ್ನು ತೆಗೆದು ಬರಿಗಣ್ಣಿನಿಂದ ನೋಡಿದರೆ ಅರ್ಧ ವಿಷಯವು ತಿಳಿಯುವುದು. ಕಪ್ಪಾದ ರೆಸಿಸ್ಟರು, ಉಬ್ಬಿದ ಕಂಡೆನ್ಸರು, ಒಳಗೆ ಬೆಳ್ಳಗಾದ ವಾಲ್ವು ಇವು ತಾವೇ ಸಾಕ್ಷಿ ನುಡಿಯುತ್ತವೆ. ಬೆಳ್ಳಗಾದ ವಾಲ್ವಿನಲ್ಲಿ ಗಾಳಿ ಹೊಕ್ಕಿದೆಯೆಂದು ಅರ್ಥ. ಮೂಗಿಗೂ ಕೆಲಸವಿದೆ, ಸುಟ್ಟ ಬಣ್ಣದ ವಾಸನೆಯು ವರ್ಷಗಳ ತರುವಾಯವೂ ಉಳಿದಿರುವುದುಂಟು.

ಧೂಳು ಉಪ್ಪುಗಳಿಂದ ತುಂಬಿದ ಯಂತ್ರವನ್ನು ತೊಳೆಯಬೇಕೆಂದರೆ ಕೆಲವರು ಬೆಚ್ಚಿಬೀಳುವರು. ಆದರೆ ಟೆಕ್ಟ್ರಾನಿಕ್ಸ್ ಕಂಪೆನಿಯ ದುರಸ್ತಿಶಾಲೆಗಳಲ್ಲಿಯೇ ಯಂತ್ರವನ್ನು ಸಾಬೂನಿನ ನೀರಿನಿಂದ ತೊಳೆದು ಹದವಾದ ಬಿಸಿಯಲ್ಲಿ ಒಣಗಿಸುವ ಪದ್ಧತಿಯಿದ್ದಿತು. ನೀರು ಯಂತ್ರವನ್ನು ಕೊಲ್ಲುವುದಿಲ್ಲ. ಒಣಗದ ನೀರು ಕೊಲ್ಲುತ್ತದೆ. ಕರಾವಳಿಯಲ್ಲಿ ಈ ಕೆಲಸವನ್ನು ಮಾಘ ಫಾಲ್ಗುಣಗಳ ಬಿಸಿಲಿಗೆ ಇಟ್ಟುಕೊಳ್ಳುವುದು ವಿವೇಕ. ಆಷಾಢದಲ್ಲಿ ತೊಳೆದುದು ಭಾದ್ರಪದಕ್ಕೂ ಒಣಗಲಾರದು.

ತರುವಾಯ ಕಂಡೆನ್ಸರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬದುಕಬಲ್ಲವಕ್ಕೆ ದೊಡ್ಡ ರೆಸಿಸ್ಟರಿನ ಮೂಲಕ ಅಲ್ಪವಾಗಿ ವಿದ್ಯುತ್ತನ್ನು ಗಂಟೆಗಟ್ಟಲೆ ಕೊಡಬೇಕು. ದೀರ್ಘ ಉಪವಾಸದ ಮೇಲೆ ಮೊದಲು ಗಂಜಿಯ ತಿಳಿಯನ್ನು ಕೊಡುವಂತೆ ಇದು. ಕ್ಷಯಿಸಿದ ಪೊರೆಯು ಮೆಲ್ಲಮೆಲ್ಲನೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳದಿದ್ದರೆ ಅದನ್ನು ತೆಗೆದು ಹೊಸದನ್ನು ಹಾಕದೆ ಗತಿಯಿಲ್ಲ.

ಇನ್ನು ದೋಷವನ್ನು ಹುಡುಕುವ ಕ್ರಮ. ತೆರೆಯ ಮೇಲೆ ಗೆರೆಯಿಲ್ಲವೆಂದು ಕಂಡೊಡನೆ ಚಿತ್ರನಳಿಗೆಯು ಸತ್ತಿತೆಂದು ನಿರ್ಣಯಿಸುವುದು ಅಜ್ಞಾನ. ಕೈಪಿಡಿಗಳೆಲ್ಲವೂ ಒಕ್ಕೊರಲಿನಿಂದ ಹೇಳುವುದು ಒಂದೇ ಮಾತು: ಮೊದಲು ವಿದ್ಯುತ್ ಪೂರೈಕೆಯನ್ನು ನೋಡು. ೫೪೫ನೆಯ ಯಂತ್ರದಲ್ಲಿ ಋಣ ೧೫೦, ಧನ ೧೦೦, ೨೨೫, ೩೫೦, ೫೦೦ ಎಂಬ ಐದು ಸ್ಥಿರ ವೋಲ್ಟುಗಳಿವೆ. ಇವುಗಳಲ್ಲಿ ಋಣ ೧೫೦ ವೋಲ್ಟು ಯಜಮಾನನ ಸ್ಥಾನದಲ್ಲಿರುವುದು. ಅನಿಲವನ್ನು ತುಂಬಿದ ಒಂದು ಸಣ್ಣ ವಾಲ್ವು ಅದನ್ನು ನಿಯಮದಲ್ಲಿಡುತ್ತದೆ. ಉಳಿದ ನಾಲ್ಕೂ ಆ ಯಜಮಾನನನ್ನು ನೋಡಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ಮನೆಯ ಯಜಮಾನನು ದಾರಿತಪ್ಪಿದರೆ ಮನೆಮಂದಿಯೆಲ್ಲ ತಪ್ಪುವಂತೆ, ಇದೊಂದು ಕೆಟ್ಟರೆ ಐದೂ ಕೆಡುವುವು. ಇದನ್ನರಿಯದವನು ೫೦೦ ವೋಲ್ಟಿನ ಭಾಗವನ್ನು ದಿನಗಟ್ಟಲೆ ಬಿಚ್ಚಿ ಜೋಡಿಸಿದರೂ ಫಲವಿಲ್ಲ. ವೋಲ್ಟು ಸರಿಯಿದ್ದು ಅದರಲ್ಲಿ ನಡುಕವಿದ್ದರೆ, ಆ ನಡುಕವು ಕ್ಷಣಕ್ಕೆ ನೂರು ಸಲ ಆಗುತ್ತಿದ್ದರೆ, ತಪ್ಪು ಸೋಸುವ ಕಂಡೆನ್ಸರಿನದೆಂದು ಊಹಿಸಬಹುದು. ಏಕೆಂದರೆ ಭಾರತದ ವಿದ್ಯುತ್ತು ಕ್ಷಣಕ್ಕೆ ೫೦ ಆವೃತ್ತಿಗಳುಳ್ಳದ್ದು, ಏಕಮುಖವಾಗಿ ಮಡಿಸಿದಾಗ ಅದು ನೂರಾಗುತ್ತದೆ.

ಪೂರೈಕೆಯು ಸರಿಯಿದ್ದೂ ಗೆರೆ ಕಾಣದಿದ್ದರೆ, ಕಿರಣವು ಇಲ್ಲವೋ, ಇದ್ದು ತೆರೆಯ ಹೊರಗೆ ಹೋಗಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಸುಂದರವಾದ ಉಪಾಯವಿದೆ. ಮೇಲೆ ಕೆಳಗೆ ತಳ್ಳುವ ಎರಡು ತಗಡುಗಳನ್ನು ರೋಧವುಳ್ಳ ತಂತಿಯಿಂದ ಜಾಗರೂಕತೆಯಾಗಿ ಕೂಡಿಸಿದರೆ ಅವುಗಳ ನಡುವೆ ಒತ್ತಡದ ಭೇದವು ಇಲ್ಲದಾಗುತ್ತದೆ. ಆಗ ಕಿರಣವು ನಡುವಿಗೆ ಬರಲೇಬೇಕು. ಬಂದರೆ ನಳಿಗೆಯೂ ಅದರ ಹೆಚ್ಚಿನ ವೋಲ್ಟುಗಳೂ ಕ್ಷೇಮ, ದೋಷವು ವರ್ಧಕದಲ್ಲಿದೆ. ಬರದಿದ್ದರೆ ದೋಷವು ಹೆಚ್ಚಿನ ವೋಲ್ಟಿನ ಭಾಗದಲ್ಲಿದೆ. ಹೀಗೆ ಒಂದೇ ಪರೀಕ್ಷೆಯಿಂದ ಯಂತ್ರವು ಎರಡು ಪಾಲಾಗಿ, ಒಂದು ಪಾಲು ನಿರ್ದೋಷಿಯೆಂದು ಬಿಡುಗಡೆ ಹೊಂದುವುದು. ದೋಷಶೋಧನೆಯ ಸಾರವೆಲ್ಲ ಇದರಲ್ಲಿಯೇ ಇದೆ: ಸಂಶಯವನ್ನು ಪ್ರತಿಸಲವೂ ಅರ್ಧಕ್ಕೆ ಇಳಿಸುವುದು.

ವರ್ಧಕದಲ್ಲಿ ತಪ್ಪನ್ನು ಹಿಡಿಯುವುದಕ್ಕೆ ಯಂತ್ರವೇ ಸಹಾಯ ಮಾಡುತ್ತದೆ. ಅದರಲ್ಲಿ ಎಡ ಬಲಗಳೆಂಬ ಎರಡು ಸಮಾನ ಭಾಗಗಳು ತಕ್ಕಡಿಯ ತಟ್ಟೆಗಳಂತೆ ಇರುತ್ತವೆ. ಒಂದೊಂದು ಹಂತದಲ್ಲಿಯೂ ಎರಡರ ವೋಲ್ಟುಗಳನ್ನು ಹೋಲಿಸುತ್ತ ಹಿಂದೆ ಹೋದರೆ, ಎಲ್ಲಿ ಸಮತೆಯು ತಪ್ಪಿತೋ ಅಲ್ಲಿ ಕಳ್ಳನಿದ್ದಾನೆ. ಎರಡು ಬದಿಯ ವಾಲ್ವುಗಳನ್ನು ಅದಲುಬದಲು ಮಾಡಿದಾಗ ತಪ್ಪೂ ಬದಿಯನ್ನು ಬದಲಾಯಿಸಿದರೆ ವಾಲ್ವು ಅಪರಾಧಿ. ಇದ್ದಲ್ಲೇ ಇದ್ದರೆ ಅದರ ಸುತ್ತಲಿನ ಭಾಗಗಳು ಅಪರಾಧಿ.

ಗೆರೆಯು ಆರಂಭದಲ್ಲಿ ಸರಿಯಿದ್ದು ಅರ್ಧಗಂಟೆಯ ಮೇಲೆ ಮಂಕಾಗಿ ಹಿಗ್ಗುವುದು ಇನ್ನೊಂದು ಪ್ರಸಿದ್ಧ ರೋಗ. ಹೆಚ್ಚಿನ ವೋಲ್ಟನ್ನು ಹುಟ್ಟಿಸುವ ಟ್ರಾನ್ಸ್‌ಫಾರ್ಮರಿನ ಮೇಲಣ ಲೇಪವು ಕಾಲಕ್ರಮದಲ್ಲಿ ಕೆಟ್ಟು, ಬಿಸಿಯಾದಾಗ ವಿದ್ಯುತ್ತನ್ನು ಸೋರಿಸುವುದೇ ಇದರ ಕಾರಣ. ಇದಕ್ಕೆ ಹೊಸ ಸುರುಳಿಯನ್ನು ಸುತ್ತುವುದಲ್ಲದೆ ಸುಲಭವಾದ ಮದ್ದಿಲ್ಲ. ತೆರೆಯ ಮೇಲೆ ಗೆರೆಗೆ ಬದಲಾಗಿ ಒಂದೇ ಚುಕ್ಕೆಯು ನಿಂತರೆ ಅಡ್ಡ ಓಟವು ನಿಂತಿದೆಯೆಂದು ತಿಳಿದು ಒಡನೆಯೇ ಬೆಳಕನ್ನು ತಗ್ಗಿಸಬೇಕು; ಇಲ್ಲವಾದರೆ ಆ ಚುಕ್ಕೆಯು ಹೊಳೆಯುವ ಪುಡಿಯನ್ನು ಸುಟ್ಟು ಶಾಶ್ವತವಾದ ಕಲೆಯನ್ನು ಬಿಡುವುದು. ೧೯೭೨ರಲ್ಲಿ ಬಂದ ೪೬೫ನೆಯ ಅಂಕದ ಟ್ರಾನ್ಸಿಸ್ಟರು ಯಂತ್ರದಲ್ಲಿ ವಾಲ್ವುಗಳ ಕಾಟವಿಲ್ಲ. ಆದರೆ ಅದರ ಟ್ಯಾಂಟಲಂ ಕಂಡೆನ್ಸರುಗಳು ಯಾವ ಮುನ್ಸೂಚನೆಯೂ ಇಲ್ಲದೆ ಎರಡು ತಂತಿಗಳನ್ನು ಒಂದುಗೂಡಿಸಿ ಪೂರೈಕೆಯನ್ನೇ ಕೆಡವುತ್ತವೆ.

ಬೆಸುಗೆಯಲ್ಲಿಯೂ ಒಂದು ಶಾಸ್ತ್ರವಿದೆ. ಹಳೆಯ ಟೆಕ್ಟ್ರಾನಿಕ್ಸ್ ಯಂತ್ರಗಳಲ್ಲಿ ಭಾಗಗಳನ್ನು ಪಿಂಗಾಣಿಯ ಪಟ್ಟಿಗಳ ಕಚ್ಚುಗಳಲ್ಲಿ ಕೂರಿಸಿರುವರು. ಆ ಕಚ್ಚುಗಳಿಗೆ ಬೆಳ್ಳಿಯ ಲೇಪವಿದೆ. ಸಾಮಾನ್ಯವಾದ ಸೀಸ ತವರಗಳ ಬೆಸುಗೆಯನ್ನು ಹಾಕಿದರೆ ಅದು ಬೆಳ್ಳಿಯನ್ನು ಕರಗಿಸಿ ಕುಡಿದುಬಿಡುವುದು. ಮುಂದೆ ಆ ಕಚ್ಚಿಗೆ ಏನೂ ಹಿಡಿಯದು. ಅದಕ್ಕಾಗಿ ನೂರಕ್ಕೆ ಮೂರು ಪಾಲು ಬೆಳ್ಳಿಯನ್ನು ಬೆರೆಸಿದ ಬೆಸುಗೆಯನ್ನೇ ಉಪಯೋಗಿಸಬೇಕು. ಯಂತ್ರವನ್ನು ಮಾಡಿದವರು ಅಂತಹ ಬೆಸುಗೆಯ ಸಣ್ಣ ಸುರುಳಿಯೊಂದನ್ನು ಯಂತ್ರದೊಳಗೆಯೇ ಕಟ್ಟಿಟ್ಟು ಕಳುಹಿಸುತ್ತಿದ್ದರು. ತಮ್ಮ ಕೈಯ ಕೆಲಸವನ್ನು ದೂರದ ಊರಿನಲ್ಲಿ, ಹಲವು ವರ್ಷಗಳ ತರುವಾಯ, ಹೆಸರರಿಯದ ಒಬ್ಬನು ಸರಿಪಡಿಸುವನೆಂಬ ನಂಬಿಕೆಯು ಆ ಸುರುಳಿಯಲ್ಲಿದೆ. ಇಂದಿನ ಎಷ್ಟು ಸರಕುಗಳಲ್ಲಿ ಇಂತಹ ನಂಬಿಕೆಯು ಕಾಣಸಿಗುವುದು?

೬

ವಿದ್ಯುತ್ ಪೂರೈಕೆಯನ್ನೇ ಮೊದಲು ಸಂಶಯಿಸಬೇಕೆಂಬ ನಿಯಮಕ್ಕೆ ಈ ಜಿಲ್ಲೆಯ ಮಹಾಪುರುಷರೊಬ್ಬರ ಜೀವನದಲ್ಲಿ ಒಂದು ನಿದರ್ಶನವಿದೆ. ಉಡುಪಿಯ ಸಮೀಪದ ಅದಮಾರಿನಲ್ಲಿ ೧೯೩೨ರ ಮಾರ್ಚ್ ೧೦ರಂದು ಜನಿಸಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಯು. ಆರ್. ರಾಯರು ವಿಕ್ರಮ ಸಾರಾಭಾಯಿಯವರಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಮಾಡಿದರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ತಗಡಿನ ಮಾಡಿನ ಷೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಸಿದ್ಧವಾಯಿತು. ಸುಮಾರು ೩೬೦ ಕಿಲೋಗ್ರಾಂ ತೂಕದ ಅದು ೧೯೭೫ರ ಏಪ್ರಿಲ್ ೧೯ರಂದು ರಷ್ಯದ ನೆಲದಿಂದ ಮೇಲೇರಿತು. ಅದರಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದುವು. ನಾಲ್ಕು ದಿನಗಳು ಕಳೆಯುವಷ್ಟರಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಆ ಪ್ರಯೋಗಗಳು ನಿಂತುಹೋದುವು.

ನೆಲದ ಮೇಲಿದ್ದರೆ ಮುಚ್ಚಳವನ್ನು ತೆಗೆದು ಹುಡುಕಬಹುದಾಗಿದ್ದ ಆ ತಪ್ಪು ಕೈಗೆಟುಕದ ಎತ್ತರದಲ್ಲಿ ತಿರುಗುತ್ತಿದ್ದಿತು. ಆದರೆ ಅದು ವ್ಯರ್ಥವಾಗಲಿಲ್ಲ. ಉಪಗ್ರಹವನ್ನು ಕಟ್ಟಿ, ಅದರೊಡನೆ ಮಾತಾಡಿ, ಅದರ ರೋಗವನ್ನು ದೂರದಿಂದಲೇ ಅಳೆದು ನೋಡಿದ ವಿದ್ಯೆಯು ೧೯೭೯ರ ಭಾಸ್ಕರವೇ ಮೊದಲಾದ ಮುಂದಿನ ಉಪಗ್ರಹಗಳಿಗೆ ಬುನಾದಿಯಾಯಿತು. ದುರಸ್ತಿಗೆ ಅವಕಾಶವಿಲ್ಲದ ಯಂತ್ರವನ್ನು ಮಾಡುವವನಿಗೂ ದುರಸ್ತಿಯ ವಿದ್ಯೆಯೇ ಗುರು. ಯಾವುದು ಹೇಗೆ ಕೆಡುವುದೆಂದು ಅರಿತವನು ಮಾತ್ರ ಕೆಡದಂತೆ ಕಟ್ಟಬಲ್ಲನು. ರಾಯರು ೨೦೧೭ರ ಜುಲೈ ೨೪ರಂದು ಕಾಲವಾದರು.

೭

೧೯೮೦ರ ದಶಕದ ತರುವಾಯ ಅಲೆಯನ್ನು ಅಂಕಿಗಳಾಗಿ ಮಾರ್ಪಡಿಸಿ ನೆನಪಿನಲ್ಲಿಡುವ ಅಂಕೀಯ ದೋಲನದರ್ಶಕಗಳು ಬಳಕೆಗೆ ಬಂದುವು. ೧೯೯೧ರ ಆರ್ಥಿಕ ಸುಧಾರಣೆಯ ಮೇಲೆ ಪರದೇಶದ ಸರಕು ಸುಲಭವಾಗಿ ದೊರೆಯಿತು. ಹೊಸ ಯಂತ್ರಗಳು ಹಗುರ, ಅಗ್ಗ, ಜಾಣ. ಒಮ್ಮೆ ಮಾತ್ರ ಮಿಂಚಿ ಮರೆಯಾಗುವ ಅಲೆಯನ್ನೂ ಅವು ಹಿಡಿದು ತೋರಿಸುತ್ತವೆ. ವಿದ್ಯಾರ್ಥಿಗೆ ಅವು ದೊರೆತುದು ಸಂತೋಷದ ವಿಷಯವೇ ಸರಿ. ಹಳೆಯದೆಂಬ ಮಾತ್ರಕ್ಕೆ ಎಲ್ಲ ಯಂತ್ರಗಳನ್ನೂ ಉಳಿಸಬೇಕೆಂದು ವಾದಿಸುವುದು ವಿವೇಕವಲ್ಲ. ಸ್ಥಳ, ಹಣ, ಕೆಲಸಗಾರ ಈ ಮೂರಕ್ಕೂ ಮಿತಿಯುಂಟು. ನಳಿಗೆಯೇ ಸತ್ತ ಯಂತ್ರವನ್ನು ಅಂಗದಾನಕ್ಕೆ ಬಿಟ್ಟುಕೊಡುವುದು ಯೋಗ್ಯ.

ಆದರೆ ಹೊಸ ಯಂತ್ರದ ಹೊಟ್ಟೆಯು ಮುಚ್ಚಿದ ಪುಸ್ತಕ. ಅದರ ಕೆಲಸವೆಲ್ಲವೂ ಉಗುರಿನಷ್ಟು ದೊಡ್ಡ ಕೆಲವು ತುಣುಕುಗಳಲ್ಲಿ ಅಡಗಿರುವುದು. ಕೆಟ್ಟರೆ ಪಟ್ಟಿಯನ್ನೇ ಬದಲಾಯಿಸಬೇಕು. ಹಳೆಯದರ ಹೊಟ್ಟೆಯಾದರೋ ತೆರೆದ ಪುಸ್ತಕ. ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಒಂದೊಂದರ ಧರ್ಮವನ್ನೂ ಬೇರೆಬೇರೆಯಾಗಿ ಅಳೆಯಬಹುದು. ಕಾರಣದಿಂದ ಕಾರ್ಯವು ಹೇಗೆ ಹುಟ್ಟುವುದೆಂದು ಕೈಯಿಂದ ಮುಟ್ಟಿ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಇದಕ್ಕಿಂತಲೂ ಮುಖ್ಯವಾದುದು ಮನುಷ್ಯರ ಮಾತು. ವಾಲ್ವಿನ ಕಾಲದ ಯಂತ್ರಗಳನ್ನು ಸ್ವತಃ ಬಿಚ್ಚಿ ಜೋಡಿಸಿದ ಕುಶಲರು ಈಗ ವೃದ್ಧರು. ಅವರ ವಿದ್ಯೆಯು ಅಚ್ಚಾದ ಗ್ರಂಥಗಳಲ್ಲಿ ಪೂರ್ಣವಾಗಿ ಇಲ್ಲ. ಕೈಯಲ್ಲಿದೆ, ಕಿವಿಯಲ್ಲಿದೆ, ಕೈಪಿಡಿಯ ಅಂಚಿನ ಪೆನ್ಸಿಲಿನ ಗುರುತುಗಳಲ್ಲಿದೆ. ಅವರೊಡನೆ ಆ ಗುರುತುಗಳೂ ಹೋದರೆ, ಉಳಿದ ಯಂತ್ರವು ಲಿಪಿಯನ್ನು ಓದಬಲ್ಲವರಿಲ್ಲದ ಶಾಸನದಂತಾಗುವುದು.

ಆದುದರಿಂದ ವಿದ್ಯಾಸಂಸ್ಥೆಗಳೂ ವಿದ್ಯಾವಂತರ ಮನೆಗಳೂ ಮಾಡಬಹುದಾದ ಕೆಲಸವು ದೊಡ್ಡದೇನೂ ಅಲ್ಲ. ತಾಳೆಗರಿಯನ್ನು ಹುಡುಕುವ ಶ್ರದ್ಧೆಯಲ್ಲಿ ನೂರರಲ್ಲೊಂದು ಪಾಲನ್ನಾದರೂ ಹಳೆಯ ಕೈಪಿಡಿಗಳಿಗೂ ಸರ್ಕಿಟ್ಟಿನ ನಕಾಶೆಗಳಿಗೂ ಮೀಸಲಿಡಬೇಕು. ಒಂದು ಕಾಲೇಜಿಗೆ ಒಂದಾದರೂ ಹಳೆಯ ಯಂತ್ರವನ್ನು ಒಣಗಿದ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಒಂದು ಗಂಟೆಯಾದರೂ ಉರಿಸಿ, ಆ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಬೇಕು. ಅನುಭವಸ್ಥರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಅವರ ಮಾತನ್ನು ಕನ್ನಡದಲ್ಲಿಯೇ ಬರೆದಿಡಬೇಕು.

ಕಾಪುವಿನ ಸ್ತಂಭದಲ್ಲಿ ಒಂದು ರಾತ್ರಿ ದೀಪವು ಕಾಣದೆಹೋದರೆ ಸ್ತಂಭವನ್ನು ಕೆಡವಬೇಕೆಂದು ಯಾರೂ ಹೇಳಲಾರರು. ದೀಪದ ಬಳಿಗೆ ಹತ್ತಿ ಅದಕ್ಕೇನಾಯಿತೆಂದು ನೋಡುವರು. ಗೆರೆ ಕಾಣದ ಯಂತ್ರದ ಮುಂದೆ ನಿಂತವನೂ ಅಷ್ಟು ಮಾಡಿದರೆ ಸಾಕು.